ಗ್ರಾಮೋಫೋನು ತಟ್ಟೆಯ ಹಿಂದಿನ ಜನರು

ಶಲವಡಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಗ್ರಾಮೋಫೋನು ಪೆಟ್ಟಿಗೆ ಇದೆ. ಹತ್ತಿಗೆ ಒಳ್ಳೆಯ ದರ ಬಂದ ಯಾವುದೋ ಒಂದು ವರುಷ ಅಜ್ಜ ಅದನ್ನು ಹುಬ್ಬಳ್ಳಿಯಲ್ಲಿ ಕೊಂಡು, ಅಣ್ಣಿಗೇರಿಯವರೆಗೆ ರೈಲಿನಲ್ಲಿ, ಅಲ್ಲಿಂದ ಊರಿಗೆ ಚಕ್ಕಡಿಯಲ್ಲಿ ತಂದನೆಂದು ಮನೆಯಲ್ಲಿ ಹೇಳುತ್ತಿದ್ದರು. ಎರೆಭೂಮಿಯ ದಾರಿಯ ಕುಲುಕಾಟಕ್ಕೆ ತಟ್ಟೆಗಳು ಒಡೆಯಬಾರದೆಂದು ಅವನ್ನು ಅರಳೆಯಲ್ಲಿ ಸುತ್ತಿ ತಂದಿದ್ದರಂತೆ. ಈಗ ಉಳಿದಿರುವುದು ಹನ್ನೆರಡು ತಟ್ಟೆ. ಅವುಗಳಲ್ಲಿ ಐದು ಸೀಳಿವೆ.

ಕಳೆದ ವರುಷ ಆ ಪೆಟ್ಟಿಗೆಯನ್ನು ಶಾಲೆಗೆ ಒಯ್ದು, ಕೀಲಿ ಕೊಟ್ಟು, ಮಕ್ಕಳಿಗೆ ಒಂದು ಹಾಡು ಕೇಳಿಸಿದೆ. ಮೂರು ನಿಮಿಷದಲ್ಲಿ ಹಾಡು ಮುಗಿಯಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಟ್ಟೆಯ ನಡುವಿನ ಚೀಟಿಯನ್ನು ಬಹಳ ಹೊತ್ತು ನೋಡಿ, “ಸರ್, ಹಾಡಿದವರ ಹೆಸರು ಬರದಾರ. ತಬಲಾ ಬಾರಿಸಿದವರ ಹೆಸರು ಯಾಕ ಇಲ್ಲರೀ?” ಎಂದು ಕೇಳಿದ. ಅವನ ತಂದೆ ಭಜನೆಯಲ್ಲಿ ತಬಲಾ ನುಡಿಸುವವರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಕಂಪನಿಗಳಲ್ಲಿ ದುಡಿದವರು ಬರೆದಿಟ್ಟ ನೆನಪುಗಳನ್ನು ಹುಡುಕಿ ಓದುತ್ತಿದ್ದೇನೆ. ಓದಿ ತಿಳಿದುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಮ್ಮ ಹಳಗನ್ನಡದ ಕವಿಗಳು ತಮ್ಮ ಹೆಸರನ್ನು ಕಾವ್ಯದಲ್ಲಿ ಹೇಳಿಕೊಂಡರು. ವಚನಕಾರರು ಅಂಕಿತವಿಟ್ಟರು. ಶಾಸನವನ್ನು ಕಂಡರಿಸಿದ ರೂವಾರಿ ಕೂಡ ಎಷ್ಟೋ ಸಲ ಕಲ್ಲಿನ ಕೊನೆಯ ಸಾಲಿನಲ್ಲಿ ತನ್ನ ಹೆಸರನ್ನು ಬಿಟ್ಟುಹೋದ. ಕಲ್ಲು ಕೆತ್ತಿದವನಿಗೆ ದೊರೆತ ಈ ಮರ್ಯಾದೆ ಹಾಡನ್ನು ಅರಗಿನಲ್ಲಿ ಕೆತ್ತಿದವನಿಗೆ ದೊರೆಯಲಿಲ್ಲ. ಇದು ಹೇಗಾಯಿತೆಂದು ತಿಳಿಯಲು ಮೊದಲಿನಿಂದ ನೋಡಬೇಕು.

ಗ್ರಾಮೋಫೋನು ಕಂಪನಿ ಲಂಡನ್ನಿನಲ್ಲಿ ಸ್ಥಾಪಿತವಾದುದು ೧೮೯೮ರಲ್ಲಿ. ನಾಯಿಯೊಂದು ಕೊಂಬಿನ ಮುಂದೆ ಕುಳಿತು ಒಡೆಯನ ದನಿ ಕೇಳುವ ಚಿತ್ರವನ್ನು ಮರುವರ್ಷವೇ ಆ ಕಂಪನಿ ಚಿತ್ರಕಾರನಿಂದ ಕೊಂಡಿತು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಎಂಬ ಹೆಸರು ಬಂದುದು ಆ ಚಿತ್ರದಿಂದ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ನಾಯಿ ಛಾಪಿನ ಪ್ಲೇಟು’ ಎಂದೇ ಹೆಸರು.

ಈ ಕಂಪನಿಯ ಪರವಾಗಿ ಭಾರತಕ್ಕೆ ಮೊದಲು ಧ್ವನಿಮುದ್ರಣಕ್ಕೆ ಬಂದವನು ಫ್ರೆಡ್ ಗೈಸ್‌ಬರ್ಗ್. ಅಮೇರಿಕದ ವಾಷಿಂಗ್ಟನ್ನಿನವನು, ೧೮೭೩ರಲ್ಲಿ ಹುಟ್ಟಿದವನು, ಪಿಯಾನೋ ನುಡಿಸಬಲ್ಲವನು. ೧೯೦೨ರ ಅಕ್ಟೋಬರ್ ಕೊನೆಗೆ ಅವನು ಜಾರ್ಜ್ ಡಿಲ್ನಟ್ ಮೊದಲಾದ ಸಂಗಡಿಗರೊಡನೆ ಕಲಕತ್ತೆಯಲ್ಲಿ ಇಳಿದ. ನವೆಂಬರ್ ೮ರಂದು ಅಲ್ಲಿಯ ನಾಟಕ ಶಾಲೆಯ ಇಬ್ಬರು ಹುಡುಗಿಯರ ದನಿಯನ್ನು ಮುದ್ರಿಸಿದ. ಮೂರು ದಿನಗಳ ಮೇಲೆ, ನವೆಂಬರ್ ೧೧ರಂದು, ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಬಂದು ಹಾಡಿದಳು. ಗೈಸ್‌ಬರ್ಗ್ ಮುಪ್ಪಿನಲ್ಲಿ, ೧೯೪೨ರಲ್ಲಿ, ತನ್ನ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಕಲಕತ್ತೆಯಲ್ಲಿದ್ದ ಬಿಳಿಯರು ತಮ್ಮ ಸುತ್ತಲಿನ ಸಂಗೀತದ ವಿಷಯದಲ್ಲಿ ಎಷ್ಟು ಉದಾಸೀನರಾಗಿದ್ದರೆಂಬುದನ್ನು ಅದರಲ್ಲಿ ಬೆರಗಾಗಿ ಹೇಳಿದ್ದಾನೆ. ವ್ಯಾಪಾರಕ್ಕೆಂದು ಬಂದವನು ಅವನು; ನಮ್ಮ ರಾಗ ತಾಳಗಳನ್ನು ಕಲಿತವನಲ್ಲ. ಆದರೂ ಕೇಳಲು ಸಿದ್ಧನಿದ್ದ.

ಅಂದಿನ ಮುದ್ರಣದ ರೀತಿಯನ್ನು ಇಂದಿನವರು ಊಹಿಸುವುದು ಕಷ್ಟ. ಮೈಕ್ರೋಫೋನು ಇರಲಿಲ್ಲ. ಗಾಯಕಿ ಒಂದು ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಬಲದಿಂದಲೇ ಕೊಂಬಿನ ತುದಿಯ ತೆಳು ಪೊರೆ ನಡುಗಿ, ಅದಕ್ಕೆ ಅಂಟಿದ ಸೂಜಿ ತಿರುಗುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತಿತ್ತು. ಮೆಲುದನಿ ಮೇಣಕ್ಕೆ ತಾಕುತ್ತಿರಲಿಲ್ಲ. ಅತಿ ಗಟ್ಟಿಯಾದರೆ ಗೆರೆ ಚದರುತ್ತಿತ್ತು. ಪಕ್ಕವಾದ್ಯದವರು ಎಷ್ಟು ದೂರ ಕುಳಿತುಕೊಳ್ಳಬೇಕೆಂಬುದನ್ನು ನಿರ್ಧರಿಸುತ್ತಿದ್ದವನು ಮುದ್ರಣಕಾರ. ಹಾಡಿನ ಕಾಲವನ್ನು ನಿರ್ಧರಿಸುತ್ತಿದ್ದುದು ಬಿಲ್ಲೆಯ ಅಗಲ. ಹತ್ತು ಇಂಚಿನ ತಟ್ಟೆಗೆ ಸುಮಾರು ಮೂರು ನಿಮಿಷ. ಹನ್ನೆರಡು ಇಂಚಿನದಕ್ಕೆ ನಾಲ್ಕಕ್ಕೆ ಸ್ವಲ್ಪ ಮೇಲೆ.

ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ ಮರಳಿ ಬರುತ್ತಿದ್ದವು. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯುವುದು ಹೇಗೆ? ಅದಕ್ಕೆಂದೇ ಹಾಡಿನ ಕೊನೆಗೆ ಗಾಯಕರು ತಮ್ಮ ಹೆಸರನ್ನು ಕೂಗಿ ಹೇಳಬೇಕಾಗುತ್ತಿತ್ತು. ಗೌಹರ್ ಜಾನ್ ಹಾಡು ಮುಗಿಸಿದೊಡನೆ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಸಾರುತ್ತಿದ್ದುದು ಇಂದಿಗೂ ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಕೇಳಿದವರು ಅದನ್ನು ಆಕೆಯ ಗರ್ವವೆಂದು ತಿಳಿದರು. ಅದು ಕಾರಖಾನೆಯ ಅಗತ್ಯಕ್ಕೆ ಹುಟ್ಟಿದ ಅಂಕಿತ! ಈ ಮಹಾಗಾಯಕಿ ಕೊನೆಗಾಲವನ್ನು ಕಳೆದುದು ನಮ್ಮ ಮೈಸೂರು ಸಂಸ್ಥಾನದ ಆಶ್ರಯದಲ್ಲಿ. ತೀರಿಕೊಂಡುದು ೧೯೩೦ರ ಜನವರಿಯಲ್ಲಿ.

ಇನ್ನು ಮುದ್ರಣಕಾರನ ಅಂಕಿತವೆಲ್ಲಿ? ಆ ಕಂಪನಿಯ ಹಳೆಯ ತಟ್ಟೆಗಳಲ್ಲಿ ಚೀಟಿಯ ಅಂಚಿನ ಬಳಿ ಅರಗಿನಲ್ಲಿಯೇ ಒತ್ತಿದ ಒಂದು ಅಂಕೆ ಇರುತ್ತದೆ. ಅದರ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ. ಅದೇ ಮುದ್ರಣಕಾರನ ಗುರುತು. ಒಬ್ಬೊಬ್ಬನಿಗೆ ಒಂದೊಂದು ಅಕ್ಷರ. ಹಡಗಿನಲ್ಲಿ ಸಾವಿರಾರು ಮೈಲಿ ಬಂದು, ಬಿಸಿಲಿನಲ್ಲಿ ಮೇಣ ಕರಗದಂತೆ ಕಾಯ್ದು ಕೆಲಸ ಮಾಡಿದವನಿಗೆ ಇತಿಹಾಸ ಕೊಟ್ಟುದು ಒಂದಕ್ಷರ. ತಬಲೆಯವನಿಗೂ ಸಾರಂಗಿಯವನಿಗೂ ಅದೂ ಇಲ್ಲ.

೧೯೦೮ರಲ್ಲಿ ಕಂಪನಿ ಕಲಕತ್ತೆಯ ಸಿಯಾಲ್ದಾ ಭಾಗದಲ್ಲಿ ತನ್ನ ಕಾರಖಾನೆಯನ್ನು ತೆರೆಯಿತು. ೧೯೨೮ರ ಸುಮಾರಿಗೆ ಅದು ಇನ್ನೂ ವಿಶಾಲವಾಗಿ ದಮ್‌ದಮ್‌ಗೆ ಹೋಯಿತು. ನಮ್ಮ ಮನೆಯ ತಟ್ಟೆಗಳ ಮೇಲೆಲ್ಲ ದಮ್‌ದಮ್ ಎಂಬ ಹೆಸರಿದೆ. ತಟ್ಟೆಗೆ ಬೇಕಾದ ಮುಖ್ಯ ಪದಾರ್ಥ ಅರಗು. ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ಕಾಯಿಸಿ ಅಚ್ಚಿನಲ್ಲಿ ಒತ್ತುವರು. ಮುತ್ತುಗ, ಬೋರೆ ಮೊದಲಾದ ಗಿಡಗಳ ಕೊಂಬೆಗಳ ಮೇಲೆ ಒಂದು ಹುಳು ಸುರಿಸುವ ಅಂಟೇ ಈ ಅರಗು. ಜಗತ್ತಿನ ಅರಗಿನ ಬಹುಪಾಲು ಅಂದು ಹೋಗುತ್ತಿದ್ದುದು ನಮ್ಮ ದೇಶದಿಂದ, ಅದರಲ್ಲಿಯೂ ಛೋಟಾನಾಗಪುರದ ಕಾಡುಗಳಿಂದ. ಲಂಡನ್ನಿನ ಗಾಯಕನ ಹಾಡು ಕೂಡ ನಮ್ಮ ಆದಿವಾಸಿಗಳು ಕೆರೆದು ತಂದ ಅರಗಿನ ಮೇಲೆ ಕುಳಿತಿತ್ತೆಂದರೆ ಅತಿಶಯೋಕ್ತಿಯಲ್ಲ. ಭಾರತದ ಕಥೆಯಲ್ಲಿ ಅರಗಿನ ಮನೆ ಪಾಂಡವರನ್ನು ಸುಡಲು ಹುಟ್ಟಿತು. ಇಲ್ಲಿ ಅರಗಿನ ಮನೆ ದನಿಯನ್ನು ಉಳಿಸಲು ಹುಟ್ಟಿತು. ಆದರೆ ಬೆಂಕಿಯ ಭಯ ಎರಡಕ್ಕೂ ಒಂದೇ. ಬಿಸಿಲಿಗೆ ಇಟ್ಟರೆ ತಟ್ಟೆ ಹಪ್ಪಳದಂತೆ ಸೊಟ್ಟಗಾಗುವುದನ್ನು ನಮ್ಮ ಹಿರಿಯರೆಲ್ಲ ಬಲ್ಲರು.

ಈಗ ನಮ್ಮ ಸೀಮೆಗೆ ಬರೋಣ. ಧಾರವಾಡದ ಸುತ್ತಲಿನ ಸಂಗೀತದ ಬೆಳೆಗೆ ಕಾರಣ ಗುರುಪರಂಪರೆ ಎಂದು ನಾವು ಹೇಳುತ್ತೇವೆ. ಅದು ನಿಜ. ಆದರೆ ಆ ಬೆಳೆಗೆ ಗ್ರಾಮೋಫೋನಿನ ಹನಿ ನೀರೂ ಸೇರಿದೆ. ಕಿರಾಣಾ ಪರಂಪರೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೀರಜದಲ್ಲಿ ನೆಲೆಸಿ, ಧಾರವಾಡ ಹುಬ್ಬಳ್ಳಿಗಳಿಗೆ ಬಂದು ಹೋಗುತ್ತಿದ್ದವರು. ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಅವರ ಗಾಯನವಾಗುತ್ತಿತ್ತು. ಆ ಊರಿನ ರಾಮಚಂದ್ರನೆಂಬ ಹುಡುಗ ಅವರ ಶಿಷ್ಯನಾಗಿ, ಮುಂದೆ ಸವಾಯಿ ಗಂಧರ್ವರೆಂದು ಕೀರ್ತಿ ಪಡೆದುದು ಎಲ್ಲರೂ ಬಲ್ಲ ಸಂಗತಿ. ಕರೀಮ್ ಖಾನರು ೧೯೦೫ರ ಸುಮಾರಿಗೇ ಗ್ರಾಮೋಫೋನು ಕಂಪನಿಗೆ ಹಾಡಿದ್ದರು. ಆದರೆ ಅವರ ದನಿ ಮೃದು. ಅದರ ಸೊಗಸು ಕೊಂಬಿಗೆ ಸಿಕ್ಕುವಂಥದಲ್ಲ. ೧೯೨೫ರಲ್ಲಿ ವಿದ್ಯುತ್ತಿನ ಮೈಕ್ರೋಫೋನು ಧ್ವನಿಮುದ್ರಣಕ್ಕೆ ಬಂದ ಮೇಲೆ ಮೆಲುದನಿಗೂ ಕಾಲ ಬಂದಿತು. ೧೯೩೪ರಿಂದ ೧೯೩೬ರವರೆಗೆ ಅವರು ಓಡಿಯನ್ ತಟ್ಟೆಗಳಿಗೆ ಹಾಡಿದರು. ಜರ್ಮನಿಯಲ್ಲಿ ಹುಟ್ಟಿದ ಆ ಓಡಿಯನ್ ಅಷ್ಟರಲ್ಲಿ ಬ್ರಿಟಿಷರ ಕೈಸೇರಿತ್ತು. ೧೯೩೧ರಲ್ಲಿ ಗ್ರಾಮೋಫೋನು ಕಂಪನಿಯೂ ಕೊಲಂಬಿಯಾವೂ ಕೂಡಿ ಈ.ಎಂ.ಐ. ಎಂಬ ಒಂದೇ ದೊಡ್ಡ ಸಂಸ್ಥೆಯಾಗಿತ್ತು. ಮುದ್ರಣ ಮುಗಿದ ಮರುವರ್ಷವೇ, ೧೯೩೭ರ ಅಕ್ಟೋಬರಿನಲ್ಲಿ, ಖಾನರು ಪುದುಚೇರಿಯ ದಾರಿಯಲ್ಲಿ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಆ ಮುದ್ರಣ ಇನ್ನೂ ಕೆಲವು ವರ್ಷ ತಡವಾಗಿದ್ದರೆ ನಮ್ಮ ಪಾಲಿಗೆ ಉಳಿಯುತ್ತಿದ್ದುದು ಕೊಂಬಿನ ಕಾಲದ ಹಾಡುಗಳಷ್ಟೇ.

ತಟ್ಟೆಯ ಪ್ರಭಾವಕ್ಕೆ ಗದಗಿನ ಭೀಮಸೇನ ಜೋಶಿಯವರ ಬಾಲ್ಯಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಹುಡುಗನಾಗಿದ್ದಾಗ ಕೇಳಿದ ಅಬ್ದುಲ್ ಕರೀಮ್ ಖಾನರ ತಟ್ಟೆ ಅವರ ಮನಸ್ಸನ್ನು ಹಿಡಿಯಿತು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೋದರು. ಉತ್ತರ ಹಿಂದೂಸ್ಥಾನವನ್ನೆಲ್ಲ ಅಲೆದು ಕೊನೆಗೆ ಗುರು ಸಿಕ್ಕಿದುದು ಮನೆಯ ಹತ್ತಿರದ ಕುಂದಗೋಳದಲ್ಲಿ! ಅದೇ ರೀತಿ ಗಂಗೂಬಾಯಿ ಹಾನಗಲ್ಲರು ಚಿಕ್ಕವರಿದ್ದಾಗ ಬೀದಿಯಲ್ಲಿ ಗ್ರಾಮೋಫೋನು ಹಾಡಿದರೆ ಓಡಿಹೋಗಿ ನಿಂತು ಕೇಳುತ್ತಿದ್ದುದನ್ನು ತಾವೇ ಹೇಳಿಕೊಂಡಿದ್ದಾರೆ. ಮನೆಯಲ್ಲಿ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ. ಬೀದಿಯಲ್ಲಿ ತಟ್ಟೆಯ ಹಿಂದೂಸ್ಥಾನಿ. ಒಂದು ಊರಿನ ಎರಡು ಕಿವಿಗಳಂತೆ ಇವು ಇದ್ದವು.

ಕೇಳಿದ ಹುಡುಗಿ ಮುಂದೆ ತಾನೇ ಹಾಡಿದಳು. ೧೯೩೦ರ ದಶಕದ ಮೊದಲಿಗೇ ಮುಂಬಯಿಯಲ್ಲಿ ಎಚ್.ಎಂ.ವಿ. ಕಂಪನಿ ಗಂಗೂಬಾಯಿಯವರ ದನಿಯನ್ನು ಮುದ್ರಿಸಿತು. ಆಗಿನ ತಟ್ಟೆಗಳಲ್ಲಿ ಅವರ ಹುಟ್ಟುಹೆಸರಾದ ‘ಗಾಂಧಾರಿ’ ಎಂಬುದೂ ಕಾಣಸಿಗುತ್ತದೆ. ಅವರ ಗಂಭೀರವಾದ, ಗಂಡುದನಿಯನ್ನು ಹೋಲುವ ಕಂಠವನ್ನೇ ನಾವೆಲ್ಲ ರೇಡಿಯೋದಲ್ಲಿ ಕೇಳಿದವರು. ಆದರೆ ಅದು ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಬಂದ ಕಂಠ. ಅದಕ್ಕೆ ಮೊದಲು ಅವರದು ತೆಳುವಾದ, ಚೂಪಾದ ಹೆಣ್ಣುದನಿ. ಆ ದನಿ ಇಂದು ಬದುಕಿರುವುದು ಆ ಮೂರು ನಿಮಿಷದ ತಟ್ಟೆಗಳಲ್ಲಿ ಮಾತ್ರ. ಒಂದು ತಟ್ಟೆ ಒಡೆದರೆ ಏನು ಹೋಗುತ್ತದೆ ಎಂದು ಕೇಳುವವರಿಗೆ ಇದೊಂದೇ ಉತ್ತರ ಸಾಕು.

ಗಂಗೂಬಾಯಿಯವರೊಡನೆ ಮರಾಠಿಯಲ್ಲಿ ಯುಗಲಗೀತೆಯನ್ನು ಹಾಡಿದವರು ಜಿ. ಎನ್. ಜೋಶಿ. ನಾಗಪುರದ ಕಡೆಯ ಈ ಭಾವಗೀತೆಯ ಗಾಯಕರು ವಕೀಲಿ ಓದಿದವರು. ಮೂವತ್ತರ ದಶಕದ ಕೊನೆಗೆ ಎಚ್.ಎಂ.ವಿ.ಯ ಮುಂಬಯಿ ಶಾಖೆಯಲ್ಲಿ ಧ್ವನಿಮುದ್ರಣದ ಅಧಿಕಾರಿಯಾಗಿ ಸೇರಿ ಮೂರು ದಶಕಕ್ಕೂ ಮೇಲೆ ದುಡಿದರು. ಕಂಪನಿ ಬ್ರಿಟಿಷರದು, ಆದರೆ ಅದರ ಕಿವಿ ಇಂಥವರದು. ಮುದ್ರಣಕ್ಕೆ ಒಲ್ಲೆನೆನ್ನುವ ಉಸ್ತಾದರ ಮನೆಗೆ ಹೋಗಿ ಓಲೈಸಿ, ಗಂಟೆಗಟ್ಟಲೆ ಹಾಡುವವರನ್ನು ಮೂರು ನಿಮಿಷಕ್ಕೆ ಒಪ್ಪಿಸುವ ಕೆಲಸ ಅವರದಾಗಿತ್ತು. ಮುಪ್ಪಿನಲ್ಲಿ ಅವರು ಬರೆದ ಸ್ಮೃತಿಗ್ರಂಥ ನಮ್ಮ ಕಾಲಕ್ಕೆ ದೊಡ್ಡ ಉಪಕಾರ. ತಾವೂ ಗಾಯಕರಾದುದರಿಂದ ಹಾಡುವವನ ಅಳುಕನ್ನೂ ಸಂಬಳ ಕೊಡುವ ಕಂಪನಿಯ ಲೆಕ್ಕವನ್ನೂ ಅವರು ಒಟ್ಟಿಗೆ ಬಲ್ಲವರಾಗಿದ್ದರು.

ನಮ್ಮ ಜಿಲ್ಲೆಯವರೇ ಆದ ಒಬ್ಬರು ಈ ಕಂಪನಿಯಲ್ಲಿ ಕೆಲಸಮಾಡಿದ್ದರೆಂಬುದು ಅನೇಕರಿಗೆ ತಿಳಿದಿರಲಾರದು. ಅವರೇ ಮಲ್ಲಿಕಾರ್ಜುನ ಮನಸೂರರು. ೧೯೧೦ರ ಕೊನೆಯ ದಿನ ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿ, ಮೀರಜದ ನೀಲಕಂಠಬುವಾ ಅವರಲ್ಲಿ ಕಲಿತವರು. ಮೂವತ್ತರ ದಶಕದಲ್ಲಿ ಎಚ್.ಎಂ.ವಿ. ಅವರ ತಟ್ಟೆಗಳನ್ನು ಹೊರತಂದಿತು. ಮುಂದೆ ಅವರನ್ನು ಸಂಗೀತ ನಿರ್ದೇಶಕರನ್ನಾಗಿ ನೇಮಿಸಿಕೊಂಡಿತು. ಪ್ರತಿ ಮನೆಯ ಪೆಟ್ಟಿಗೆಯಲ್ಲಿಯೂ ಹಾಡುವಷ್ಟು ಹೆಸರು ಬಂದ ಮೇಲೆ ಬೇರೆಯವರಾಗಿದ್ದರೆ ಅಷ್ಟಕ್ಕೆ ತೃಪ್ತರಾಗುತ್ತಿದ್ದರು. ಮನಸೂರರು ಹಾಗೆ ಮಾಡಲಿಲ್ಲ. ಜಯಪುರ ಪರಂಪರೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಹೊಸ ವಿದ್ಯಾರ್ಥಿಯಂತೆ ಕುಳಿತು ಮತ್ತೆ ಕಲಿಯತೊಡಗಿದರು. ೧೯೩೭ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರಲ್ಲಿ ಕಲಿಕೆ ಮುಂದುವರಿಯಿತು. ತಮ್ಮ ಬಾಳಿನ ಕಥೆಯನ್ನು ಅವರು ‘ನನ್ನ ರಸಯಾತ್ರೆ’ ಎಂಬ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿದ್ದಾರೆ. ತಟ್ಟೆ ಕೊಟ್ಟ ಕೀರ್ತಿಯನ್ನು ಬೇಡವೆನ್ನಲಿಲ್ಲ. ಅದನ್ನೇ ವಿದ್ಯೆಯೆಂದು ಭ್ರಮಿಸಲೂ ಇಲ್ಲ. ಈ ವಿವೇಕವೇ ಅವರ ದೊಡ್ಡಸ್ತಿಕೆ.

ತಟ್ಟೆಯಿಂದ ಆದ ನಷ್ಟವನ್ನೂ ಹೇಳಬೇಕು. ಸವಾಯಿ ಗಂಧರ್ವರ ಕಂಠ ಬೇಗನೆ ಒಲಿಯುವಂಥದಾಗಿರಲಿಲ್ಲ. ಹಾಡುತ್ತ ಹಾಡುತ್ತ ಕಾವೇರಿ, ಬಹಳ ಹೊತ್ತಿನ ಮೇಲೆ ತೆರೆದುಕೊಳ್ಳುತ್ತಿತ್ತೆಂದು ಅವರನ್ನು ಕೇಳಿದವರೆಲ್ಲ ಹೇಳಿದ್ದಾರೆ. ಅಂಥವರಿಗೆ ಮೂರು ನಿಮಿಷವೆಂದರೆ ಹೊಸ್ತಿಲು ದಾಟುವಷ್ಟರಲ್ಲಿ ಬಾಗಿಲು ಮುಚ್ಚಿದಂತೆ. ಅವರ ತಟ್ಟೆಗಳನ್ನು ಮಾತ್ರ ಕೇಳಿ ಅವರನ್ನು ಅಳೆಯುವುದು ಅನ್ಯಾಯ. ಭೀಮಸೇನ, ಗಂಗೂಬಾಯಿ ಮೊದಲಾದ ಶಿಷ್ಯರಲ್ಲಿ ಅವರು ಹೆಚ್ಚು ಪೂರ್ಣವಾಗಿ ಉಳಿದರು. ಈ ಇಕ್ಕಟ್ಟಿನಿಂದ ನಮ್ಮ ಗಾಯಕರನ್ನು ಬಿಡಿಸಿದುದು ರೇಡಿಯೋ. ೧೯೫೦ರ ಜನವರಿ ೮ರಂದು ಧಾರವಾಡದ ನಿಲಯ ಆರಂಭವಾದ ಮೇಲೆ ರಾಗಕ್ಕೆ ಆಲಾಪದ ಅವಕಾಶ ದೊರೆಯಿತು. ಆ ನಿಲಯಕ್ಕೆ ಸಂಗೀತ ಸಲಹೆಗಾರರಾಗಿ ಬಂದವರು ಅದೇ ಮಲ್ಲಿಕಾರ್ಜುನ ಮನಸೂರರು. ತಟ್ಟೆಯ ಅಳತೆಯನ್ನು ಬಲ್ಲವರೇ ಆಕಾಶದ ಅಳತೆಯನ್ನೂ ನಿರ್ಣಯಿಸಿದರು. ಇನ್ನೊಂದು ಮಾತು: ಆಕಾಶವಾಣಿಯಲ್ಲಿ ಗಾಯಕರ ಹೆಸರಿನ ಜೊತೆಗೆ ತಬಲಾ, ಹಾರ್ಮೋನಿಯಂ, ಸಾರಂಗಿಯವರ ಹೆಸರನ್ನೂ ಹೇಳುವ ಪದ್ಧತಿ ಬೆಳೆಯಿತು. ಇದು ಸಣ್ಣ ಸಂಗತಿಯೆಂದು ನಾನೂ ತಿಳಿದಿದ್ದೆ. ಆ ಹುಡುಗನ ಪ್ರಶ್ನೆ ಕೇಳಿದ ಮೇಲೆ ಹಾಗೆ ತಿಳಿಯಲಾರೆ.

ಕಾಲ ಸಾಗಿತು. ೧೯೫೦ರ ದಶಕದ ಕೊನೆಗೆ ದಮ್‌ದಮ್‌ನಲ್ಲಿ ದೀರ್ಘಕಾಲದ ತಟ್ಟೆಗಳು ತಯಾರಾಗತೊಡಗಿದವು. ಅರಗಿನ ತಟ್ಟೆ ಕ್ರಮೇಣ ನಿಂತುಹೋಯಿತು. ಕಂಪನಿಯೂ ಬ್ರಿಟಿಷರ ಕೈಯಿಂದ ಭಾರತೀಯರ ಕೈಗೆ ಬಂದು, ಇಂದು ಸಾರೆಗಾಮ ಎಂಬ ಹೆಸರಿನಲ್ಲಿದೆ. ಗೈಸ್‌ಬರ್ಗ್ ೧೯೫೧ರಲ್ಲಿ, ಮನಸೂರರು ೧೯೯೨ರಲ್ಲಿ, ಗಂಗೂಬಾಯಿಯವರು ೨೦೦೯ರಲ್ಲಿ ತೀರಿಕೊಂಡರು. ಬರೆದಿಟ್ಟವರ ನೆನಪು ನಮಗೆ ಉಳಿಯಿತು. ದಮ್‌ದಮ್‌ನ ಬಿಸಿ ಅಚ್ಚಿನ ಮುಂದೆ ದಿನಕ್ಕೆ ನೂರಾರು ತಟ್ಟೆ ಒತ್ತಿದವರು, ಅರಗು ಕೆರೆದವರು, ಸಂತೆಯಿಂದ ಸಂತೆಗೆ ಪೆಟ್ಟಿಗೆ ಹೊತ್ತು ಹಾಡು ಕೇಳಿಸಿ ಮಾರಿದವರು, ಗಾಯಕಿಯ ಹಿಂದೆ ಕುಳಿತು ತಂಬೂರಿ ಮೀಟಿದವರು ಬರೆಯಲಿಲ್ಲ. ಅವರನ್ನು ಕೇಳಿದವರೂ ಕಡಮೆ.

ಆದುದರಿಂದ ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಪೆಟ್ಟಿಗೆ ಇದ್ದೀತು. ತಟ್ಟೆಗಳನ್ನು ಗುಜರಿಗೆ ಹಾಕಬೇಡಿರಿ. ಬಿಸಿನೀರಿನಿಂದ ತೊಳೆಯಬೇಡಿರಿ, ಸ್ಪಿರಿಟ್ ಅಂತೂ ಮುಟ್ಟಿಸಲೇಬೇಡಿರಿ, ಅರಗು ಅದರಲ್ಲಿ ಕರಗಿಹೋಗುತ್ತದೆ. ಒಂದರ ಮೇಲೊಂದು ಹೇರದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿಡಿರಿ. ಒಂದು ವಹಿಯಲ್ಲಿ ಚೀಟಿಯ ಮೇಲಿನ ಹೆಸರು, ರಾಗ, ಸಂಖ್ಯೆ, ಹಾಗೂ ಚೀಟಿಯ ಬಳಿ ಅರಗಿನಲ್ಲಿ ಒತ್ತಿದ ಅಂಕೆ ಅಕ್ಷರಗಳನ್ನು ಬರೆದುಕೊಳ್ಳಿರಿ. ಆಮೇಲೆ ಮನೆಯ ಹಿರಿಯರನ್ನು ಕೇಳಿರಿ: ಇದನ್ನು ಯಾರು ತಂದರು? ಎಲ್ಲಿ ಕೊಂಡರು? ಹಿಂದೆ ನುಡಿಸಿದವರು ಯಾರೆಂದು ಹೇಳುತ್ತಿದ್ದರು? ಅವರು ಹೇಳಿದುದನ್ನು, ಹೇಳಿದವರ ಹೆಸರಿನೊಡನೆ, ಅದೇ ವಹಿಯಲ್ಲಿ ಬರೆಯಿರಿ.

ನಮ್ಮ ಶಾಲೆಯ ಆ ಹುಡುಗ ಹೀಗೊಂದು ವಹಿಯನ್ನು ಆರಂಭಿಸಿದ್ದಾನೆ. ಊರಿನ ನಾಲ್ಕು ಮನೆಗಳ ತಟ್ಟೆಗಳನ್ನು ನೋಡಿ ಬರೆದಿದ್ದಾನೆ. ತಬಲೆಯವರದೆಂದು ಒಂದು ಅಂಕಣವನ್ನೂ ಗೆರೆ ಎಳೆದು ಇಟ್ಟಿದ್ದಾನೆ. ಅದರಲ್ಲಿ ಈವರೆಗೆ ಎರಡು ಹೆಸರು ಮಾತ್ರ ತುಂಬಿವೆ. ಎರಡನ್ನೂ ಎಂಬತ್ತು ದಾಟಿದ ಒಬ್ಬ ಅಜ್ಜಿ ನೆನಪಿನಿಂದ ಹೇಳಿದಳು. ಉಳಿದ ಸಾಲುಗಳು ಖಾಲಿ ಇವೆ.